ಹಳಿಯಿಂದ ಆಲ್-ಟೆರೇನ್ ತನಕ: ರಾಮಥಾಳದ ಎರಿ ಭೂಮಿ ಮತ್ತ ಗಾಲಿಯ ಕಥಿ

ಕಡ್ಲಿ ಬಿತ್ತನಿಕಿ ಟಿಪ್ಪಣಿ ಅರ್ಧಕ್ಕ ನಿಂತೈತಿ, ಅದನ್ನ ಮುಂದಿನ ವಾರ ಮುಗಸ್ತೀನಿ. ಇವತ್ತು ಟೈರ್ ಬಗ್ಗೆ ಬರೀಲಿಕ್ಕೆ ಕುಂತೀನಿ. ಕಾರಣ ಏನಂದ್ರ, ನಮ್ಮ ಪಿಕಪ್ಪಿನ ನಾಲ್ಕೂ ಟೈರ್ ಸವದು ಬಂದಾವ. ಟೈರಿನ ಗೀರಿನೊಳಗ ಅಲ್ಲಲ್ಲಿ ಸಣ್ಣ ದಿಬ್ಬ ಇರತಾವ ನೋಡ್ರಿ, 1.6 ಮಿ.ಮೀ. ಎತ್ತರದ್ದು, ಅದರ ಸಮಕ್ಕ ರಬ್ಬರ್ ಇಳದ್ರ ಟೈರ್ ಮುಗೀತು ಅಂತ ಲೆಕ್ಕ. ನಮ್ದು ಅಲ್ಲಿಗೆ ಬಂದು ಮುಟ್ಟೇತಿ.

ಮಗನ್ನ ಕರ್ಕೊಂಡು ಇಲಕಲ್ಲಕ್ಕ ಹೋಗಿದ್ದೆ. ಅವ ದಾರಿ ತುಂಬ ಮೊಬೈಲ್‌ದಾಗ ಚಿತ್ರ ತೋರಿಸಿಕೋತ ಬಂದ. ದಪ್ಪ ದಪ್ಪ ಗಟ್ಟಿ ಇರೋ, ಗೋಡಿ ಮ್ಯಾಲೂ ಹಲ್ಲಿದ್ದಂಗ ಕಾಣೋ ಟೈರ್. "ಅಪ್ಪಾ, ಇವು ಆಲ್-ಟೆರೇನ್. ಹೈವೇನೂ ಓಡತಾವ, ಹೊಲಾನೂ ಓಡತಾವ" ಅಂದ. ಅಂಗಡಿಯವರು ಚಿತ್ರ ನೋಡಲೇ ಇಲ್ಲ. "ಯಜಮಾನ್ರ, ಗಾಡಿ ಎಲ್ಲಿ ಓಡಸ್ತೀರಿ?" ಅಂತ ಕೇಳಿದ್ರು. "ಎಲ್ಲಾ ಕಡೆ" ಅಂದೆ. ಅವರು ನಕ್ಕು, "ಎಲ್ಲಾ ಕಡೆ ಅನ್ನಬ್ಯಾಡ್ರಿ, ಹತ್ತರಾಗ ಎಷ್ಟು ಪಾಲು ಎಲ್ಲಿ ಅಂತ ಹೇಳ್ರಿ" ಅಂದ್ರು.

ಆ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಲಿಕ್ಕೆ ಆಗಲಿಲ್ಲ. ಟೈರ್ ತಗೊಳ್ಳದೇ ವಾಪಸ್ ಬಂದೆ. ಮನಿಗೆ ಬಂದು ಕುಂತು ಯೋಚನೆ ಮಾಡಿದ್ರ, ಈ ಪ್ರಶ್ನೆ ನಮ್ಮ ಮುತ್ಯಾನಿಗೂ ಇತ್ತು, ಅವರ ಮುತ್ಯಾನಿಗೂ ಇತ್ತು. ಹಾದಿಗೂ ಹೊಲಕ್ಕೂ ಆಗೋ ಒಂದ ಗಾಲಿ ಹುಡುಕೋದು ನಮ್ಮ ಸೀಮಿಯೊಳಗ ನೂರೈವತ್ತು ವರ್ಷದ ಹಳೇ ತಕರಾರು.

ಮೊದಲು ನಮ್ಮ ನೆಲ ಎಂಥಾದ್ದು ಅಂತ ಹೊರಗಿನವರಿಗೆ ಹೇಳಬೇಕು. ರಾಮಥಾಳ ಅಂದ್ರ ಈಗ ಎಲ್ಲಾರಿಗೂ ಹನಿ ನೀರಾವರಿ ಯೋಜನೆ ನೆನಪಾಗತೈತಿ. ನಾರಾಯಣಪುರ ಹಿನ್ನೀರಿನಿಂದ ಸುಮಾರು 24,000 ಹೆಕ್ಟೇರಿಗೆ ಪೈಪಿನ್ಯಾಗ ನೀರು ಕೊಡೋ ಯೋಜನೆ. ಆದ್ರ ನೀರು ಬರೋ ಮುಂಚೆನೂ, ಬಂದ ಮ್ಯಾಲೂ ನೆಲ ಅದೇ, ಎರಿ ಭೂಮಿ. ಬ್ಯಾಸಗ್ಯಾಗ ಕೈ ಹೋಗುವಷ್ಟು ಬಿರುಕು, ಕಲ್ಲಿನಂಥ ಹೆಂಟಿ. ಉತ್ತರಿ, ಹಸ್ತ ಮಳಿ ಹಿಡೀತು ಅಂದ್ರ ಅದೇ ಮಣ್ಣು ಉಬ್ಬಿ ಅಂಟಾಗಿ, ಚಪ್ಪಲಿಗೆ ಹತ್ತಿ ಒಂದೊಂದು ಕಾಲು ಎರಡೆರಡು ಕೆಜಿ ಆಗತೈತಿ. ಈ ಮಣ್ಣಿನ ಜೇಡಿ ನೀರು ಕುಡದು ಹಿಗ್ಗತೈತಿ, ಒಣಗಿ ಕುಗ್ಗತೈತಿ. ಅದಕ್ಕ ಕಾಯಂ ಆಕಾರ ಅಂತ ಇಲ್ಲ. ಹೊಲ ದಾಟಿದ್ರ ಗರಸಿನ ಹಾದಿ, ಆಮ್ಯಾಲೆ ಡಾಂಬರು. ಇಲಕಲ್ಲ ಸಮೀಪ ಬಂದ್ರ ಕೆಂಪು ಗ್ರಾನೈಟಿನ ಖಣಿ, ಹಾದಿ ಮ್ಯಾಲೆ ಚೂರಿಯಂಥ ಕಲ್ಲಿನ ಚಕ್ಕಿ. ಅದರ ಬಾಜೂಕ ಸೊಲ್ಲಾಪುರ–ಚಿತ್ರದುರ್ಗದ ಹೈವೇ. ಹಳಬರಿಗೆ ಅದು 13, ಈಗ 50. ಒಂದು ಮುಂಜಾನಿಯೊಳಗ ಒಂದೇ ಗಾಡಿ ಈ ನಾಲ್ಕೂ ನೆಲ ತುಳೀಬೇಕು.

ಗಾಲಿಗಿಂತ ಮುಂಚೆ ಇಲ್ಲಿ ಗೊರಸು ಇತ್ತು. ನಮ್ಮ ತಾಲೂಕಿನ್ಯಾಗ ಇಷ್ಟು ಲಂಬಾಣಿ ತಾಂಡಾ ಯಾಕ ಅದಾವ ಅಂತ ಯಾರರ ಕೇಳಿದ್ರ, ಅದರ ಹಿಂದ ಹೇರೆತ್ತಿನ ಕಥಿ ಐತಿ. ಬಂಡಿ ಹಾದಿ ಇಲ್ಲದ ಕಾಲಕ್ಕ ಉಪ್ಪು, ಕಾಳು, ಅರಿವಿ ಎಲ್ಲಾ ಎತ್ತಿನ ಬೆನ್ನ ಮ್ಯಾಲೆ ಹೋಗತಿತ್ತು. ನೂರಾರು ಎತ್ತಿನ ಹಿಂಡು, ಎರಡೂ ಮಗ್ಗಲಕ್ಕ ಚೀಲ. ಎತ್ತಿನ ಗೊರಸು ಸೀಳಿದ್ದು. ಕೆಸರಿನ್ಯಾಗ ಕಾಲು ಇಟ್ಟಾಗ ಅಗಲ ಆಗತೈತಿ, ಎತ್ತಿದಾಗ ಕೂಡಿ ಸಣ್ಣ ಆಗತೈತಿ, ಅದಕ್ಕ ಮಣ್ಣು ಹಿಡಿದು ಕೂಡಂಗಿಲ್ಲ. ನಾನು ಓದಿದ ಎಲ್ಲಾ ಟೈರ್ ಕಂಪನಿ ಜಾಹೀರಾತಿನೊಳಗ ಇದನ್ನ ದೊಡ್ಡ ಶೋಧ ಅಂತ ಬರದಿರತಾರ. ಆದ್ರ ಹೇರೆತ್ತಿನ ತೊಂದರೆ ಅಂದ್ರ ಭಾರ. ಒಂದು ಜೋಡಿ ಎತ್ತು ಬೆನ್ನ ಮ್ಯಾಲೆ ಹೊರೋದಕ್ಕಿಂತ ಎಷ್ಟೋ ಪಟ್ಟು ಬಂಡಿಯೊಳಗ ಎಳೀತಾವ, ಹಾದಿ ಇದ್ರ ಮಾತ್ರ.

ಆ ಹಾದಿ ತಂದಿದ್ದು ಹತ್ತಿ. 1861ರಿಂದ 1865ರ ತನಕ ಅಮೆರಿಕಾದಾಗ ಅಂತರ್ಯುದ್ಧ ನಡೀತು, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರೋದು ನಿಂತಿತು. ಧಾರವಾಡ, ಕಲಾದಗಿ ಸೀಮಿ ಹತ್ತಿಗೆ ಎಂದೂ ಇಲ್ಲದ ದರ ಬಂತು. ಹತ್ತಿ ಹುಬ್ಬಳ್ಳಿ, ಶಿರಸಿ ಮ್ಯಾಲೆ ಘಟ್ಟ ಇಳದು ಕುಮಟಾ ಬಂದರಿಗೆ ಹೋಗತಿತ್ತು. ಹೆಂಗಂದ್ರ, ನಮ್ಮ ಕಡಿ ನಾಡ ಹತ್ತಿಗೆ ಲಿವರ್‌ಪೂಲ್ ಪ್ಯಾಟ್ಯಾಗ "ಕುಮಟಾ" ಅಂತಲೇ ಹೆಸರು ಬಿತ್ತು. ಬೆಳೆದವರು ನಾವು, ಹೆಸರು ಬಂದರದ್ದು. ಇರಲಿ. ಅಷ್ಟು ದೂರದ ಹಾದಿಗೆ ಬಂಡಿ ಗಟ್ಟಿ ಬೇಕು, ಗಾಲಿಗೆ ಕಬ್ಬಿಣ ಬೇಕು.

ಹಳಿ ಏರಸೋದು ನಾನು ಸಣ್ಣವಿದ್ದಾಗ ಕಣ್ಣಾರೆ ನೋಡೀನಿ. ಈಗಿನ ಹುಡುಗರಿಗೆ ಹಳಿ ಅಂದ್ರ ರೈಲಿನದು ಅಷ್ಟೇ ಗೊತ್ತು. ಚಕ್ಕಡಿ ಗಾಲಿಯ ಸುತ್ತ ಹಾಕೋ ಕಬ್ಬಿಣದ ಬಳಿಗೂ ಹಳಿ ಅಂತಾರ. ಗಾಲಿ ಬಡಿಗ್ಯಾರ ಮನಿಯಿಂದ ಬರತಿತ್ತು, ಜಾಲಿ ಕಟಗೀದು. ಜಾಲಿ ಯಾಕಂದ್ರ ಅದು ನೀರಿಗೂ ಬಿಸಲಿಗೂ ಜಗ್ಗಂಗಿಲ್ಲ, ಸೀಳಂಗಿಲ್ಲ. ಕಮ್ಮಾರರು ಹಳಿಯನ್ನ ಗಾಲಿಗಿಂತ ಒಂಚೂರು ಸಣ್ಣದು ಮಾಡತಿದ್ರು. ಅದೇ ಗುಟ್ಟು. ನೆಲದ ಮ್ಯಾಲೆ ಹಳಿ ಇಟ್ಟು, ಸುತ್ತ ಕುಳ್ಳು ಒಟ್ಟಿ ಉರಿ ಹಚ್ಚತಿದ್ರು. ಹಳಿ ಕೆಂಪಗ ಕಾದು ಹಿಗ್ಗಿದ ಮ್ಯಾಲೆ ಮೂರು ನಾಕು ಮಂದಿ ಇಕ್ಕಳದಾಗ ಎತ್ತಿ ಗಾಲಿ ಮ್ಯಾಲೆ ಕೂಡ್ರಿಸಿ, ಬಡದು, ಕೊಡಗಟ್ಟಲೆ ನೀರು ಸುರುವೋದು. ಹೊಗಿ, ಉಗಿ, ಕಟಗಿ ಸುಟ್ಟ ವಾಸನಿ. ಕಬ್ಬಿಣ ಕುಗ್ಗಿ ಗಾಲಿಯ ಒಂದೊಂದು ಕೀಲನ್ನೂ ಹಿಡದು ಬಿಗೀತಿತ್ತು. ಬ್ಯಾಸಗಿಗೆ ಕಟಗಿ ಒಣಗಿ ಹಳಿ ಸಡ್ಲ ಆದ್ರ, ಗಾಲಿನ ಹಳ್ಳದ ನೀರಾಗ ರಾತ್ರಿಯೆಲ್ಲಾ ನೆನಿ ಇಡತಿದ್ರು.

ಆ ಗಾಲಿ ಹೆಚ್ಚೂಕಡಿಮೆ ಎದಿಮಟ್ಟ ಎತ್ತರ, ಹಳಿ ಎರಡು ಬೆರಳೋ ಮೂರು ಬೆರಳೋ ಅಗಲ. ಒಂದು ಲೆಕ್ಕ ಮಾಡ್ರಿ. ಬಂಡಿ ಮತ್ತ ಹೇರು ಕೂಡಿ ಒಂದು ಟನ್ ಅನ್ನೋಣ. ಒಂದೊಂದು ಗಾಲಿ ಮ್ಯಾಲೆ 500 ಕೆಜಿ. ಗಟ್ಟಿ ಹಾದಿ ಮ್ಯಾಲೆ ಕಬ್ಬಿಣ ಒತ್ತಿ ಚಪ್ಪಟಿ ಆಗಂಗಿಲ್ಲ, ಹಿಂಗಾಗಿ ನೆಲಕ್ಕ ತಾಗೋದು ಬೆಂಕಿಪಟ್ನದ ಮುಖದಷ್ಟು ಜಾಗ, ಒಂದು 20 ಚದರ ಸೆಂಟಿಮೀಟರ್. ಅಂದ್ರ ಚದರ ಸೆಂಟಿಮೀಟರಿಗೆ 25 ಕೆಜಿ ಒತ್ತಡ. ಹಾದಿ ಉಳೀತೈತೇನು? ಖಡಿ ಹಾಕಿ ಗುದ್ದಿದ ರಸ್ತೆನ ಹಳಿ ಅರದು ಪುಡಿ ಮಾಡತಿತ್ತು. ಬ್ರಿಟಿಷ್ ಕಾಲದಿಂದ ಸ್ವಾತಂತ್ರ್ಯ ಬಂದ ಮ್ಯಾಲಿನ ತನಕ ರಸ್ತೆ ಇಂಜಿನಿಯರುಗಳ ದೊಡ್ಡ ದೂರು ಇದೇ ಆಗಿತ್ತು, ಕಬ್ಬಿಣದ ಹಳಿ ಬಂಡಿ ರಸ್ತೆ ಹಾಳು ಮಾಡತಾವ ಅಂತ. ರೈತನ ದೂರು ಯಾರೂ ಕೇಳಲಿಲ್ಲ, ರಸ್ತೆ ಖಡಿ ನನ್ನ ಎತ್ತಿನ ಗೊರಸು ಹಾಳು ಮಾಡತೈತಿ ಅಂತ ಅವಂದೂ ಇತ್ತು. ಬಂಡಿ ರಸ್ತೆಗೆ ಹುಟ್ಟಿದ್ದಲ್ಲ, ಹೊಲಕ್ಕ ಹುಟ್ಟಿದ್ದು.

ಗಾಲಿ ನಿಂತ್ರ ಏನಾಗತೈತಿ ಅನ್ನೋದನ್ನ ನಮ್ಮ ಸೀಮಿ 1876ರಿಂದ 78ರ ಬರದಾಗ ನೋಡೇತಿ. ಮುಂಬೈ ಪ್ರಾಂತದಾಗ ಅತೀ ನಲುಗಿದ ಜಿಲ್ಲೆಗಳಲ್ಲಿ ನಮ್ಮ ಕಲಾದಗಿ ಜಿಲ್ಲೆ ಒಂದು. ಆಗ ಹುನಗುಂದ ಕಲಾದಗಿಗೇ ಸೇರಿತ್ತು, ಜಿಲ್ಲಾ ಕಚೇರಿ ಬಿಜಾಪುರಕ್ಕ ಹೋಗಿದ್ದು 1885ಕ್ಕ. ಸೊಲ್ಲಾಪುರದಾಗ ರೈಲು ಇತ್ತು, ಬಳ್ಳಾರಿಯೊಳಗ ರೈಲು ಇತ್ತು. ನಡುವಿನ ನಮ್ಮ ನೆಲಕ್ಕ ಕಾಳು ಬರಬೇಕಂದ್ರ ಬಂಡಿನೇ ಬೇಕು. ಮೇವು, ನೀರು ಇಲ್ಲದ ಎತ್ತು ಸತ್ತಾವು. ಸ್ಟೇಷನ್ನಿನ್ಯಾಗ ಕಾಳಿದ್ರೂ ಊರಿಗೆ ಮುಟ್ಟಿಸೋ ಗಾಲಿ ಇಲ್ಲ. ಆ ಬರದ ಪಾಠದಿಂದಲೇ ಗದಗ–ಹೊಟಗಿ ರೈಲು ಹಾದಿ ಆತು, ಬದಾಮಿ, ಬಾಗಲಕೋಟಿ, ಬಿಜಾಪುರ ಮ್ಯಾಲೆ, 1884ರೊಳಗ. ನಮ್ಮ ಹಿರಿಯರು "ಬರದ ಮುಂಚೆ, ಬರದ ನಂತರ" ಅಂತ ಕಾಲ ಎಣಿಸತಿದ್ರು.

ಈಗ ರಬ್ಬರಿಗೆ ಬರೋಣ. 1888ರಾಗ ಬೆಲ್‌ಫಾಸ್ಟ್ ಊರಿನ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವಿ ಸುತ್ತಿದ, ಪೇಟೆಂಟ್ ತಗೊಂಡ. ಆಮ್ಯಾಲೆ ನೋಡಿದ್ರ, 1845ರಲ್ಲೇ ರಾಬರ್ಟ್ ವಿಲಿಯಂ ಥಾಮ್ಸನ್ ಅನ್ನಾಂವ ಅದನ್ನ ಬರಿಸಿ ಇಟ್ಟಿದ್ದ, ಹಿಂಗಾಗಿ ಡನ್‌ಲಪ್‌ನ ಪೇಟೆಂಟ್ ಬಿದ್ದು ಹೋತು. ಹೆಸರು ಮಾತ್ರ ಡನ್‌ಲಪ್‌ಂದೇ ಉಳೀತು. ಈ ಡನ್‌ಲಪ್ ಯಾರು ಗೊತ್ತೇನ್ರಿ? ದನದ ಡಾಕ್ಟರು! ಅವನ ಹೆಸರಿನ ಗಾಡಿನ ನಮ್ಮ ಎತ್ತು ಎಳದಾವು ಅನ್ನೋದು ನೆನಸಿದ್ರ ನನಗ ಈಗಲೂ ನಗಿ ಬರತೈತಿ.

ಕಲ್ಕತ್ತಾ ಕಡೆ ಸಾಹಗಂಜ್‌ನ ಡನ್‌ಲಪ್ ಕಾರ್ಖಾನಿ 1936ರಾಗ ಶುರು ಆತು. ಬರಬರತ ಎತ್ತಿನ ಗಾಡಿಗೆ ಅಂತಲೇ ಟೈರ್ ಬಂದಾವು. ಈಗಲೂ ಕೆಲವು ಟೈರಿನ ಗೋಡಿ ಮ್ಯಾಲೆ "ಏಡಿವಿ" ಅಂತ ಇರತೈತಿ, ಪ್ರಾಣಿ ಎಳೆಯೋ ಗಾಡಿ ಅಂತ ಅದರ ಅರ್ಥ. (ಸೋವಿ ಸಿಗತೈತಿ ಅಂತ ಇದನ್ನ ಟ್ರೇಲರಿಗೆ ಹಾಕಿ ಹೈವೇಕ್ಕ ಹೋಗಬ್ಯಾಡ್ರಿ. ಅದು ಎತ್ತಿನ ನಡಗಿಗೆ ಮಾಡಿದ್ದು.) ಟೈರ್ ಗಾಡಿ ಡಾಂಬರ್ ಮ್ಯಾಲೆ ಹೂವಿನಂಗ ಹೋಗತೈತಿ, ಅದೇ ಜೋಡಿ ಎತ್ತು ಹಳಿ ಬಂಡಿಗಿಂತ ಎಷ್ಟೋ ಹೆಚ್ಚು ಹೇರು ಎಳೀತಾವ. ಮುಧೋಳ, ಜಮಖಂಡಿ ಕಡೆ ಸಕ್ಕರಿ ಕಾರ್ಖಾನಿ ಗೇಟಿನ ಮುಂದ ಕಬ್ಬು ಹೇರಿ ಸಾಲಾಗಿ ನಿಂತ ಟೈರ್ ಗಾಡಿ ನೋಡಿದವರಿಗೆ ಇದು ಗೊತ್ತು. ಅಲ್ಲಿ ಹಾದಿ ಇತ್ತು, ರೊಕ್ಕ ಇತ್ತು, ದಿನಾ ಹೇರು ಇತ್ತು. ನಮ್ಮ ಒಣಬೇಸಾಯದ ಎರಿ ಊರಿನ್ಯಾಗ ಹಳಿ ಬಂಡಿ ಭಾಳ ವರ್ಷ ಉಳೀತು. ಹಿಂದುಳದವರು ಅಂತ ಅಲ್ಲ. ಟೈರ್ ಗಾಡಿ ಗಾಲಿ ಗಿಡ್ಡ, ಅಗಲ. ಒದ್ದಿ ಎರಿಯೊಳಗ ಅದು ಮ್ಯಾಲೇನೂ ತೇಲಂಗಿಲ್ಲ, ತಳಾನೂ ಮುಟ್ಟಂಗಿಲ್ಲ. ಮುಳ್ಳು ಬ್ಯಾರೆ, ಜಾಲಿ ಮುಳ್ಳಿಗೆ ಪಂಕ್ಚರ್. ಹಳಿಗೆ ಎಂಥ ಪಂಕ್ಚರ್ರಿ?

ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು 1970, 80ರ ದಶಕದಾಗ ಇದನ್ನ ದೇಶದ ಮುಂದ ಇಟ್ಟರು. ಮ್ಯಾನೇಜ್‌ಮೆಂಟ್ ಕಲಿಸೋ ಸಂಸ್ಥೆಯವರು ಎತ್ತಿನ ಬಂಡಿ ಹಿಂದ ಬಿದ್ದಾರ ಅಂತ ನಕ್ಕವರಿದ್ರು. ಅವರ ಮಾತು ಸರಳ ಇತ್ತು. ಕೋಟಿಗಟ್ಟಲೆ ಬಂಡಿ ಈ ದೇಶದ ಮಾಲು ಸಾಗಸ್ತಾವ, ಅದರ ನೊಗ ಎತ್ತಿನ ಹೆಗಲು ಹುಣ್ಣು ಮಾಡತೈತಿ, ಬೇರಿಂಗ್ ಇಲ್ಲದ ಇರಸು ಶಕ್ತಿ ತಿಂತೈತಿ, ಇದನ್ನ ಸುಧಾರಿಸಿದ್ರ ದೇಶಕ್ಕ ಲಾಭ. ಎತ್ತಿನ ಹೆಗಲ ಹುಣ್ಣಿಗೆ ಅರಿಷಿಣ ಹಚ್ಚಿದವರಿಗೆ ಆ ಮಾತಿನ ಬೆಲಿ ಗೊತ್ತಾಗತೈತಿ. ಅಷ್ಟರಾಗ ಟ್ರ್ಯಾಕ್ಟರ್ ಬಂದು ಆ ಚರ್ಚೆನೇ ಮುಗಿಸಿತು.

ಟ್ರ್ಯಾಕ್ಟರಿಗೂ ಮೊದಲು ಕಬ್ಬಿಣದ ಗಾಲಿನೇ ಇತ್ತು ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ. 1932ರಾಗ ಅಮೆರಿಕಾದ ಅಲಿಸ್-ಚಾಲ್ಮರ್ಸ್ ಕಂಪನಿ ವಿಸ್ಕಾನ್ಸಿನ್ನಿನ ಒಂದು ಹೊಲದಾಗ ಟ್ರ್ಯಾಕ್ಟರಿಗೆ ವಿಮಾನದ ಟೈರ್ ಹಾಕಿ, ಗಾಳಿ ಕಡಿಮಿ ಬಿಟ್ಟು ಓಡಿಸಿ ನೋಡಿತು. ಓಡಿತು. ಆಮ್ಯಾಲೆ ಹೊಲಕ್ಕ ಅಂತಲೇ ಬಾಣದ ಗುರುತಿನಂಥ ಎತ್ತರ ಕಟ್ಟಿನ ಟೈರ್ ಬಂದಾವು. ಆ ಬಾಣದ ಗುಟ್ಟು ಏನಂದ್ರ, ಗಾಲಿ ತಿರುಗಿದಂಗ ಮಣ್ಣು ನಡುವಿನಿಂದ ಎರಡೂ ಮಗ್ಗಲಕ್ಕ ಜಾರಿ ಹೊರಗ ಬೀಳತೈತಿ. ಅದಕ್ಕ ಟ್ರ್ಯಾಕ್ಟರ್ ಟೈರ್ ಉಲ್ಟಾ ಹಾಕಿದ್ರ ಕೆಸರಿನ್ಯಾಗ ಕೆಲಸ ಕೊಡಂಗಿಲ್ಲ.

ಜೀಪಿನದ್ದು ಇದಕ್ಕ ವಿರುದ್ಧ. ಎರಡನೇ ಮಹಾಯುದ್ಧದ ಜೀಪಿಗೆ ಹಾಕಿದ್ದು ಸಣ್ಣ 6.00-16 ಟೈರ್, ದಿಕ್ಕಿಲ್ಲದ ಗಟ್ಟಿಯದು. ಮುಂದ ಹೋದ್ರೂ ಹಿಂದ ಬಂದ್ರೂ ಒಂದೇ ಹಿಡಿತ. ಯುದ್ಧಕ್ಕ ಅದು ಬೇಕಿತ್ತು. ಅದೇ ಯುದ್ಧದಾಗ 1942ಕ್ಕ ಮಲಯಾ, ಸಿಂಗಾಪುರ ಜಪಾನಿನ ಕೈಗೆ ಹೋಗಿ ರಬ್ಬರ್ ನಿಂತಿತು, ಇಲ್ಲಿ ಟೈರಿಗೂ ರೇಷನ್ ಬಂತು. ಸ್ವಾತಂತ್ರ್ಯದ ನಂತರ ಮಹೀಂದ್ರಾದವರು ಜೀಪ್ ಜೋಡಿಸಿ ಮಾರಲಿಕ್ಕೆ ಶುರು ಮಾಡಿದ್ರು. 1952ರ ಸಮುದಾಯ ಅಭಿವೃದ್ಧಿ ಯೋಜನೆ ಬಂದ ಮ್ಯಾಲೆ ಬ್ಲಾಕ್ ಆಫೀಸಿನ ಜೀಪ್ ಹಳ್ಳಿ ಹಳ್ಳಿಗೆ ಬಂತು. ನಮ್ಮ ಅಪ್ಪ ಹೇಳತಿದ್ದ ಮಾತು ನೆನಪೈತಿ. ಬ್ಯಾಸಗ್ಯಾಗ ಜೀಪ್ ಬಂದ್ರ ಸಾಹೇಬ್ರು ಹೊಲಕ್ಕ ಬರತಿದ್ರಂತ, ಮಳಿಗಾಲದಾಗ ಊರ ಮಂದಿನೇ ಜೀಪ್ ಇದ್ದಲ್ಲಿಗೆ ಹೋಗಬೇಕಿತ್ತಂತ. ಸಾಹೇಬ್ರ ಸೊಕ್ಕು ಅಂತ ಮಂದಿ ತಿಳದಿದ್ರು. ಅರ್ಧ ಸೊಕ್ಕು, ಅರ್ಧ ಟೈರು. ಆ ಸಣ್ಣ ಸಣ್ಣ ಗಟ್ಟಿಯ ನಡುವಿನ ಸಂದಿಯೊಳಗ ಎರಿ ಮಣ್ಣು ಒಮ್ಮೆ ಕೂತ್ರ ಹೊರಗ ಬರಲಿಕ್ಕೆ ಹಾದಿ ಇಲ್ಲ. ಟೈರ್ ಗುಂಡಗ, ನುಣ್ಣಗ, ಗಡಗಿಯಂಗ ಆಗಿ ಬಿಡತೈತಿ.

ಇದನ್ನ ನಾನು ಪುಸ್ತಕದಿಂದ ಬರೀಲಿಕ್ಕೆ ಹತ್ತಿಲ್ಲ. 2009ರ ನೆರೆ ನೆನಪೈತಿ ಅಲ್ರಿ ಎಲ್ಲಾರಿಗೂ? ಸೆಪ್ಟೆಂಬರ್ ಕಡೀಕ ಹಿಡಿದ ಮಳಿ ಅಕ್ಟೋಬರ್ ಮೊದಲ ವಾರ ತನಕ ಬಿಡಲಿಲ್ಲ, ಬಾಗಲಕೋಟಿ, ಬಿಜಾಪುರ, ರಾಯಚೂರು ಎಲ್ಲಾ ಮುಳುಗಿದ್ವು. ನಾವು ಆಗ ಹೊಲದ ಮನ್ಯಾಗ ಇದ್ವಿ. ತಮ್ಮನ ಹೆಂಡತಿಗೆ ದಿನ ತುಂಬಿತ್ತು. ಎರಡನೇ ರಾತ್ರಿ ಬ್ಯಾನಿ ಹತ್ತಿತು. ನಮ್ಮ ಕಡೆ ಒಂದು ಹಳೇ ಜೀಪ್ ಇತ್ತು, ಹಿಂದಿನ ಟೈರ್ ರಿಬಟನ್ ಮಾಡಿಸಿದ್ದು. ಡಾಂಬರ್ ಹಾದಿ ಅಲ್ಲಿಂದ ಎರಡು ಕಿಲೋಮೀಟರ್ ಇಲ್ಲ. ಆಕಿನ್ನ ಹಿಂದ ಮಲಗಿಸಿ, ಅವ್ವ ತಲಿ ಹಿಡಕೊಂಡು ಕುಂತು, ಹೊಂಟ್ವಿ. ನಾಲ್ಕು ಹೊಲ ದಾಟೂದ್ರಾಗ ಮುಗೀತು. ಬರೇ ಟೈರ್ ಅಲ್ಲ, ಟೈರಿಗೂ ಮಡ್‌ಗಾರ್ಡಿಗೂ ನಡುವ ಮಣ್ಣು ಹೊಕ್ಕು ಗಚ್ಚಿನಂಗ ಗಟ್ಟಿ ಆಗಿ ಗಾಲಿ ತಿರುಗೋದೇ ನಿಂತಿತು. ತಮ್ಮ ಕೈಲೆ ಮಣ್ಣು ಬಗದ, ಕುಡಗೋಲಿನಿಂದ ಕೆತ್ತಿದ, ಹತ್ತು ಮಾರು ಹೋಗಿ ಮತ್ತ ನಿಂತಿತು. ಒಳಗಿಂದ ಆಕಿ ಒದರೋದು ಕೇಳಸತಿತ್ತು.

ಬಾಜೂ ಹೊಲದ ಕಾಕಾನ ಕಡೆ ಹಳೇ ಹಳಿ ಚಕ್ಕಡಿ ಇತ್ತು. ಅದನ್ನ ಮಾರಲಿಲ್ಲ ಅಂತ ಅವರ ಮಕ್ಕಳು ದಿನಾ ಜಗಳ ಆಡತಿದ್ರು. ಕಾಕಾ ಎರಡು ಜೋಡಿ ಎತ್ತು ಹೂಡಿದ, ಮುಂದೊಂದು, ಹಿಂದೊಂದು. ಆ ಎತ್ತರದ ಸಣ್ಣ ಗಾಲಿ ಕೆಸರನ್ನ ಚಾಕುವಿನಂಗ ಕೊಯ್ದು, ಕೆಳಗಿನ ಗಟ್ಟಿ ಪದರ ಮುಟ್ಟಿ ಹೋಗತಿತ್ತು. ಮಡ್‌ಗಾರ್ಡ್ ಇಲ್ಲ, ಹಿಂಗಾಗಿ ಮಣ್ಣು ಸಿಗೋ ಜಾಗ ಇಲ್ಲ. ಅರಿಕಾಲಿಗೆ ಹತ್ತಿದ ಮಣ್ಣು ತಾನೇ ಉದುರತಿತ್ತು. ಸುಲಭ ಆಗಿತ್ತು ಅಂತ ಹೇಳಂಗಿಲ್ಲ. ಎರಡು ಕಿಲೋಮೀಟರಿಗೆ ಎರಡು ತಾಸಿನ ಮ್ಯಾಲೆ ಹಿಡೀತು, ಒಂದು ಎತ್ತು ಮೊಣಕಾಲೂರಿ ಬಿತ್ತು, ಆಕಿಗೆ ಒಂದೊಂದು ಕುಲುಕಿಗೂ ಜೀವ ಹೋಗಿ ಬಂದಂಗ. ಡಾಂಬರ್ ಮ್ಯಾಲೆ ಒಂದು ಟ್ರಕ್ ನಿಲ್ಲಿಸಿದ್ರು, ಅದರಾಗ ಹುನಗುಂದಕ್ಕ ಹೋದ್ವಿ. ಬೆಳಕು ಹರಿಯೂದ್ರಾಗ ಹೆಣ್ಣುಕೂಸು ಹುಟ್ಟಿತು. ತಾಯಿ ಕೂಸು ಇಬ್ಬರೂ ಚಲೋ ಅದಾರ. ಆ ಹುಡುಗಿಗೆ ಮನ್ಯಾಗ ಎಲ್ಲಾರೂ ಸಿಟ್ಟು ಬಂದಾಗ "ಚಕ್ಕಡಿ" ಅಂತ ಕರೀತಾರ, ಅಕಿಗೆ ಸೇರಂಗಿಲ್ಲ.

ಕಾಕಾ ಈಗಿಲ್ಲ. ಚಕ್ಕಡಿನೂ ಇಲ್ಲ. ನಾವೆಲ್ಲಾ ಟೈರಿನ ಮ್ಯಾಲೇ ಬದುಕಬೇಕು, ಅದಕ್ಕ ಟೈರ್ ತಿಳಕೋಬೇಕು.

ಆಲ್-ಟೆರೇನ್ ಅನ್ನೋ ಹೆಸರು ಪ್ಯಾಟಿಗೆ ಗಟ್ಟಿಯಾಗಿ ಬಂದಿದ್ದು 1976ರಾಗ, ಅಮೆರಿಕಾದ ಬಿಎಫ್‌ಗುಡ್ರಿಚ್ ಕಂಪನಿ ಪಿಕಪ್ಪಿಗೆ ಅಂತ ಆ ಹೆಸರಿನ ರೇಡಿಯಲ್ ಟೈರ್ ಮಾಡಿದಾಗ. ರೇಡಿಯಲ್ ಅನ್ನೋದು ಅದಕ್ಕೂ ಹಳೇದು, ಫ್ರಾನ್ಸಿನ ಮಿಶೆಲಿನ್‌ದು, 1946ರ ಪೇಟೆಂಟ್. ಅಮೆರಿಕಾದ ಪಿಕಪ್ ರೈತನ ಕಷ್ಟನೂ ನಮ್ಮದೇ, ವಾರವಿಡೀ ಹೈವೇ, ಮಣ್ಣಿನ ಹಾದಿ. ಆದ್ರ ಅವನ ಮಣ್ಣು ಎರಿ ಅಲ್ಲ. ಆ ಟೈರ್ ಹುಟ್ಟಿದ್ದು ಗರಸು, ಕಲ್ಲು, ಉಸುಕು, ಹಿಮ ನೋಡಿ. ಕೆಲವು ಟೈರಿನ ಗೋಡಿ ಮ್ಯಾಲೆ ಗುಡ್ಡದ ನಡುವ ಹಿಮದ ಹಳಕಿನ ಚಿತ್ರ ಇರತೈತಿ. ಮಗ ಅದನ್ನ ದೊಡ್ಡ ಗುಣ ಅಂತ ತೋರಿಸಿದ. ರಾಮಥಾಳದಾಗ ಹಿಮ ಬಿದ್ದ ದಿವಸ ನೋಡೋಣು ಬಿಡಪಾ ಅಂದೆ.

ಆಲ್-ಟೆರೇನ್ ಟೈರ್ ನಮಗೆ ಎಲ್ಲಿ ಖರೇನೇ ಕೆಲಸ ಕೊಡತೈತಿ ಅಂದ್ರ ಗರಸಿನ ಹಾದಿ ಮತ್ತ ಇಲಕಲ್ಲ ಕಡೆಯ ಗ್ರಾನೈಟ್ ಚಕ್ಕಿ ಮ್ಯಾಲೆ. ಗಟ್ಟಿ ರಬ್ಬರ್, ಚಲೋ ಟೈರಿನ್ಯಾಗ ಗೋಡಿಗೂ ಹೆಚ್ಚಿನ ಪದರ, ಕಲ್ಲಿಗೆ ಬೇಗ ಸೀಳಂಗಿಲ್ಲ. ಹೈವೇ ಟೈರಿನ ಗೋಡಿ ತೆಳು, ಒಂದು ಚಕ್ಕಿ ತಾಗಿದ್ರ ಮುಗೀತು, ಗೋಡಿ ಹರದ್ರ ಪಂಕ್ಚರ್ ಹಾಕಲಿಕ್ಕೂ ಬರಂಗಿಲ್ಲ. ಹಸಿ ಎರಿಯೊಳಗ ಮಾತ್ರ ಆಲ್-ಟೆರೇನ್ ಅಂದ್ರ ಹೈವೇ ಟೈರಿಗಿಂತ ಐವತ್ತು ಹೆಜ್ಜಿ ಮುಂದ ಹೋಗಿ ಸಿಗೋ ಟೈರ್, ಅಷ್ಟೇ. ಟ್ರ್ಯಾಕ್ಟರ್ ತಂದು ಎಳೀಬೇಕಾದ ಜಾಗ ಇನ್ನೂ ದೂರ ಆಗತೈತಿ. ಬರೇ ಕೆಸರಿಗೆ ಮಾಡಿದ ಮಡ್-ಟೆರೇನ್ ಟೈರ್ ಐತಿ. ಅದು ಡಾಂಬರಿನ ಮ್ಯಾಲೆ ಗುಂಯ್ ಅಂತ ಒದರತೈತಿ, ಡೀಸಲ್ ಕುಡೀತೈತಿ, ನಮ್ಮ ಏಪ್ರಿಲ್ ಬಿಸಲಾಗ ಹೇರು ತುಂಬಿ ಓಡಿಸಿದ್ರ ದಪ್ಪ ಗಟ್ಟಿ ಕಾದು ಬೇಗ ಸವೀತೈತಿ.

ಇದಕ್ಕೆಲ್ಲಾ ನಮ್ಮ ದೇಶದ ಲಾರಿ ಡ್ರೈವರ್‌ಗಳು ಭಾಳ ಹಿಂದೆನೇ ತಮ್ಮದೇ ಉತ್ತರ ಕಂಡಿದ್ರು. ಮುಂದ ರಿಬ್, ಹಿಂದ ಲಗ್. ಇಲಕಲ್ಲದ ಖಣಿಯಿಂದ ಕಲ್ಲು ಹೇರಿ ಬರೋ ಲಾರಿ ನಿಂತಾಗ ನೋಡ್ರಿ. ಮುಂದಿನ ಟೈರಿಗೆ ಉದ್ದಕ್ಕ ಗೆರಿ, ಸ್ಟೇರಿಂಗ್ ನೆಟ್ಟಗ ಹೋಗಲಿಕ್ಕೆ. ಹಿಂದಿನದಕ್ಕ ಅಡ್ಡ ದಪ್ಪ ಕಟ್ಟು, ಎಳೀಲಿಕ್ಕೆ. ನಾಲ್ಕೂ ಗಾಲಿಗೆ ಒಂದೇ ಕೆಲಸ ಇಲ್ಲ ಅಂದ ಮ್ಯಾಲೆ ಒಂದೇ ಟೈರ್ ಯಾಕ? ಈ ಲಾರಿಗಳ ರಬ್ಬರಿನ ಕಥಿನೂ ನಮ್ಮದೇ. ಎಂಆರ್‌ಎಫ್ ಮದ್ರಾಸಿನ್ಯಾಗ 1946ರಾಗ ಬಲೂನ್ ಮಾಡಿ ಶುರು ಆಗಿ, 1952ಕ್ಕ ರಿಬಟನ್ ರಬ್ಬರಿಗೆ ಬಂದು, ಆಮ್ಯಾಲೆ ಟೈರಿಗೆ ಬಂತು. ಮೈಸೂರಿನ ವಿಕ್ರಾಂತ್ ಟೈರ್ ಹೆಸರು ನಮ್ಮ ವಯಸ್ಸಿನವರಿಗೆ ಲಾರಿ ಹಿಂದಿನ ಬರಹದಷ್ಟೇ ಪರಿಚಯ, 1997ರಾಗ ಅದು ಜೆಕೆ ಟೈರಿನವರ ಕೈಗೆ ಹೋತು.

ಹೋದ ವಾರ ಮತ್ತ ಅಂಗಡಿಗೆ ಹೋದೆ. ಈ ಸಲ ಲೆಕ್ಕ ಬರಕೊಂಡು ಹೋಗಿದ್ದೆ. ಹತ್ತರಾಗ ಏಳು ಪಾಲು ಡಾಂಬರು, ಎರಡು ಪಾಲು ಗರಸು ಮತ್ತ ಚಕ್ಕಿ, ಒಂದು ಪಾಲು ಹೊಲ, ಅದರಾಗೂ ಹಸಿ ಇದ್ದದ್ದು ವರ್ಷಕ್ಕ ಹೆಚ್ಚಂದ್ರ ಇಪ್ಪತ್ತು ದಿನ.

ಮಗ ಆರಿಸಿದ್ದ ಟೈರಿನ ಗೋಡಿ ಓದಿ ನೋಡಿದೆ. ಕಡೀಕ 105 ಅಂತ ಇತ್ತು. ಇದನ್ನ ಎಲ್ಲಾರೂ ತಪ್ಪದೇ ನೋಡ್ರಿ, ಇದು ಒಂದು ಟೈರ್ ಎಷ್ಟು ಭಾರ ಹೊರತೈತಿ ಅನ್ನೋ ಅಂಕಿ. 100 ಅಂದ್ರ 800 ಕೆಜಿ, 105 ಅಂದ್ರ 925, 108 ಅಂದ್ರ 1000, 112 ಅಂದ್ರ 1120. ನಾನು ಉಳ್ಳಾಗಡ್ಡಿ ತುಂಬಿದಾಗ ಹಿಂದಿನ ಒಂದೊಂದು ಟೈರ್ ಮ್ಯಾಲೆ ಸಾವಿರ ಕೆಜಿ ಹತ್ರ ಬೀಳತೈತಿ. ಮಗ ಆರಿಸಿದ್ದು ಮಂದಿ ಕುಂತು ಹೋಗೋ ಎಸ್‌ಯುವಿ ಟೈರ್. ನೋಡಲಿಕ್ಕೆ ಪೈಲ್ವಾನ, ಹೇರಿಗೆ ಆಗಂಗಿಲ್ಲ. ಹೈವೇದಾಗ ಹಿಂದಿನ ಟೈರ್ ಸಿಡದ್ರ ಗಾಡಿ ಕೈಗೆ ಸಿಗಂಗಿಲ್ಲ. ಪಿಕಪ್ಪಿಗೆ "ಎಲ್‌ಟಿ" ಅಥವಾ "ಸಿ" ಅಂತ ಇರೋ, ಹೇರಿಗೆ ಮಾಡಿದ ಟೈರೇ ಬೇಕು. ಅದರ ಬಾಜೂಕ ನಾಲ್ಕಂಕಿಯ ತಾರೀಖು ಇರತೈತಿ, 3223 ಅಂದ್ರ 2023ರ 32ನೇ ವಾರ ತಯಾರಾದದ್ದು. ಅಂಗಡಿ ಮೂಲ್ಯಾಗ ಒಣಗಿ ಕುಂತ ಹಳೇ ಟೈರ್ ಸೋವಿ ಅಂತ ತಗೋಬ್ಯಾಡ್ರಿ.

ಕಡೀಕ ಮುಂದಿನ ಎರಡಕ್ಕ ಉದ್ದ ಗೆರಿ ರಿಬ್, ಹಿಂದಿನ ಎರಡಕ್ಕ ಹೇರಿನ ದರ್ಜಿಯ ಅರ್ಧ ಲಗ್ ಇರೋ ಟೈರ್ ಹಾಕಿಸಿದೆ, ನಾಲ್ಕೂ ರೇಡಿಯಲ್, ನಾಲ್ಕೂ ಒಂದೇ ಅಳತಿ. ರೇಡಿಯಲ್, ನೈಲಾನ್ ಎರಡನ್ನೂ ಒಂದೇ ಇರಸಿನ ಮ್ಯಾಲೆ ಕಲಿಸಬ್ಯಾಡ್ರಿ, ಗಾಡಿ ಒಂದು ಕಡೆ ಎಳೀತೈತಿ. ಹೊಲದ ಹಾದಿಗೆ ಇಳಿಯುವಾಗ, ಗಾಡಿ ಖಾಲಿ ಇದ್ರ, ಗಾಳಿ ಒಂದಿಷ್ಟು ಬಿಡತೀನಿ, ಟೈರ್ ಅಗಲ ಆಗಿ ನೆಲ ಹಿಡೀತೈತಿ. 1932ರಾಗ ಆ ವಿಸ್ಕಾನ್ಸಿನ್ನಿನವರು ಮಾಡಿದ್ದೂ ಇದೇ. ಆದ್ರ ಡಾಂಬರ್ ಮುಟ್ಟಿದ ಕೂಡಲೇ ಗಾಳಿ ತುಂಬಬೇಕು, ಅದಕ್ಕ ಸೀಟಿನ ಕೆಳಗ ಸಣ್ಣ ಪಂಪ್ ಇಟ್ಟೀನಿ. ಗಾಳಿ ಕಡಿಮಿ ಇದ್ದ ಟೈರ್ ಹೇರು ಹೊತ್ತು ಜೋರ್ ಓಡಿದ್ರ ಒಳಗೆ ಕಾದು ಸಿಡೀತೈತಿ.

ನಾಲ್ಕು ಆಲ್-ಟೆರೇನ್ ಟೈರಿಗೂ ಇವುಕ್ಕೂ ಬೆಲಿಯೊಳಗ ಇದ್ದ ಫರಕಿನ ರೊಕ್ಕ ಉಳೀತಲ್ಲ, ಅದಕ್ಕ ಬಾಜೂ ಹೊಲದವರೂ ಪಾಲು ಹಾಕಿದ್ರು. ಹಳ್ಳದ ದಂಡಿಗೆ ಅತೀ ಹುಗಿಯೋ ಜಾಗ ಇತ್ತು, 2009ರಾಗ ಜೀಪ್ ನಿಂತದ್ದೂ ಅಲ್ಲೇ. ಅಲ್ಲಿ ಎಂಟು ಟ್ರೇಲರ್ ಗರಸು ಸುರುವಿ ರೋಲರ್ ಹೊಡಿಸೀವಿ. ಬಗಲಿಗೆ ನೀರು ಹೋಗಲಿಕ್ಕೆ ಕಾಲುವಿ ತೆಗದೀವಿ, ಅದಿಲ್ಲದಿದ್ರ ಎರಿ ಗರಸನ್ನ ಎರಡ ಮಳಿಯೊಳಗ ನುಂಗತೈತಿ.

ಮೊನ್ನೆ ಹಸ್ತ ಮಳಿ ರಾತ್ರಿಯೆಲ್ಲಾ ಹೊಡೀತು. ಮುಂಜಾನಿ ಗರಸು ಮುಗಿಯೋ ತನಕ ಗಾಡಿ ಆರಾಮ ಹೋತು. ಅಲ್ಲಿಂದ ಮುಂದ ಹೊಲ ಕಪ್ಪಗ ಮಿಂಚತಿತ್ತು. ಗಾಡಿ ಅಲ್ಲೇ ನಿಲ್ಲಿಸಿ, ಚಪ್ಪಲಿ ಬಿಟ್ಟು ಇಳದೆ. ಮಗ ಹಿಂದಿನ ಹೊಸ ಟೈರ್ ನೋಡಿದ, ನನ್ನ ನೋಡಿದ, ಏನೂ ಅನ್ನಲಿಲ್ಲ. ಪ್ಯಾಂಟ್ ಮಡಚಿಕೊಂಡು ಅವನೂ ಹಿಂದ ಬಂದ. ತೊಗರಿ ಚಲೋ ಐತಿ, ಬುಡಕ್ಕ ನೀರು ನಿಂತಿಲ್ಲ.